ದೊಡ್ಡವರಿಗೆ ಓದು ಬರಹ ಕಲಿಸಬೇಕು ಅಂತಿದ್ದೀರಾ? ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಶ್ನೆಗಳನ್ನು ನಾನು ಕೂತು ಯೋಚಿಸಿ ಬರೆದದ್ದಲ್ಲ. ಮಂಡ್ಯ ಕಡೆಯ ನಮ್ಮೂರಲ್ಲಿ ಹಾಲಿನ ಡೈರಿಯ ಜಗಲಿ ಮೇಲೆ ಸಂಜೆ ಏಳಕ್ಕೆ ನಮ್ಮ ತರಗತಿ ನಡೆಯುತ್ತದೆ. ಅದರ ಸುದ್ದಿ ಗೊತ್ತಾದವರು ಫೋನಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಮದುವೆ ಮನೆಯ ಊಟದ ಸಾಲಿನಲ್ಲಿ ಕೇಳಿದವು. ಕಲಿಸುವ ಮನಸ್ಸಿರುವವರಿಗೆ ಆಗಲಿ ಅಂತ ಒಂದು ಕಡೆ ಸೇರಿಸಿದ್ದೇನೆ.

ನಾನು ಟೀಚರ್ ಅಲ್ಲ, ಡಿ.ಎಡ್., ಬಿ.ಎಡ್. ಮಾಡಿಲ್ಲ. ಕಲಿಸಬಹುದಾ?

ಧಾರಾಳವಾಗಿ. ತಪ್ಪಿಲ್ಲದೆ ಕನ್ನಡ ಓದಿ ಬರೆಯಲು ಬರಬೇಕು. ಬರ್ತೀನಿ ಅಂದ ದಿನ ಬರಬೇಕು. ಇವೆರಡರಲ್ಲಿ ಎರಡನೆಯದೇ ಕಷ್ಟ.

ನಿಜ ಹೇಳಬೇಕೆಂದರೆ, ಮಕ್ಕಳಿಗೆ ಕಲಿಸಿ ಅಭ್ಯಾಸ ಇರುವವರಿಗೇ ಇಲ್ಲಿ ಸ್ವಲ್ಪ ಎಡವಟ್ಟಾಗುತ್ತದೆ. 'ಎಲ್ಲಿ, ಜಾಣರು ಯಾರು ಹೇಳ್ತಾರೆ ನೋಡೋಣ' ಎಂಬ ದನಿ ಬಾಯಿಗೆ ತಾನಾಗಿ ಬಂದುಬಿಡುತ್ತದೆ. ಎದುರಿಗೆ ಕೂತವರು ಐವತ್ತು ದಾಟಿದವರು. ಮೂರು ಮಕ್ಕಳ ಮದುವೆ ಮಾಡಿದ್ದಾರೆ, ಎರಡು ಎಮ್ಮೆ ಸಾಕಿದ್ದಾರೆ, ಸಂಘದ ಸಾಲ ತೀರಿಸಿದ್ದಾರೆ. ನಿಮಗಿಂತ ದೊಡ್ಡವರನ್ನು ಅಕ್ಕ, ಅಮ್ಮ, ಅಣ್ಣ ಎಂದೇ ಕರೆಯಿರಿ. 'ನೀವು' ಅನ್ನಿ. ಅವರು ನಿಮ್ಮನ್ನು 'ಮೇಷ್ಟ್ರೇ', 'ಟೀಚರಮ್ಮ' ಅಂತ ಕರೆದರೆ ಬೇಡ ಅನ್ನಬೇಡಿ. ಆ ಮಾತು ಆಡುವುದು ಅವರಿಗೂ ಒಂದು ಖುಷಿ.

ಅ ಆ ಇ ಈ ಯಿಂದಲೇ ಶುರು ಮಾಡಬೇಕು ಅಲ್ವಾ?

ಬೇಡ. ನಾನೂ ಮೊದಲ ವರ್ಷ ಹಾಗೇ ಶುರು ಮಾಡಿದ್ದೆ. ಹದಿನೈದು ದಿನ ಆದರೂ ನಾವು ಐ, ಒ ಹತ್ತಿರವೇ ಇದ್ದೆವು, ಓದಲು ಒಂದು ಪದವೂ ಕೈಗೆ ಸಿಕ್ಕಿರಲಿಲ್ಲ. ವರ್ಣಮಾಲೆಯ 49 ಅಕ್ಷರ ಮುಗಿದ ಮೇಲೆ ಪದ ಅಂದರೆ, ಅಷ್ಟರಲ್ಲಿ ಅರ್ಧ ಜನ ಮನೆಯಲ್ಲಿರುತ್ತಾರೆ.

ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿಯಲ್ಲಿ ಮಕ್ಕಳು 'ರ ಗ ಸ ದ ಅ' ಅಂತ ಶುರು ಮಾಡುತ್ತಾರಲ್ಲ, ಅದು ದೊಡ್ಡವರಿಗೂ ಚೆನ್ನಾಗಿ ಹೊಂದುತ್ತದೆ. ಬರೆಯಲು ಸುಲಭ, ಪದ ಬೇಗ ಹುಟ್ಟುತ್ತದೆ. ರ, ಸ, ದ ಈ ಮೂರೇ ಅಕ್ಷರ ಬಂದರೆ 'ಸರ', 'ದರ' ಓದಬಹುದು. ಜೋಡಿಸಿದರೆ 'ಸರದ ದರ'. ನಮ್ಮ ತರಗತಿಯಲ್ಲಿ ಒಬ್ಬ ಅಕ್ಕ ಇದನ್ನು ಬೆರಳಿಟ್ಟು ಓದಿ, ಒಂದು ನಿಮಿಷ ಸುಮ್ಮನಿದ್ದು, 'ಕೇಳೋ ಹಂಗೇ ಇಲ್ಲ ಬಿಡಿ ಈಗ' ಅಂದರು. ಎಲ್ಲರೂ ನಕ್ಕರು. ಓದಿದ್ದಕ್ಕೆ ಅವರು ಮಾರುತ್ತರ ಕೊಟ್ಟಿದ್ದರು. ಓದುವುದು ಅಂದರೆ ಅದೇ ಅಲ್ವಾ? ಅದು ಅವರ ನಾಲ್ಕನೇ ದಿನ.

ಆಮೇಲೆ 'ಜ ವ ಮ ಬ ನ' ಸೇರಿಸಿ. ಮಗ, ಮರ, ಜನ, ದನ, ನಗರ, ಬಸವ, ಗಮನ. 'ಬಸವನ ದನ' ಅಂತ ಬರೆದರೆ ನಮ್ಮೂರಲ್ಲಿ ಯಾವ ಬಸವ, ಯಾವ ದನ ಅಂತ ಚರ್ಚೆಯೇ ಆಗುತ್ತದೆ.

ಅಷ್ಟು ವಯಸ್ಸಿಗೆ ಕೈ ತಿರುಗುತ್ತಾ?

ರಂಗೋಲಿ ಹಾಕುವ ಕೈ ತಿರುಗದೆ ಏನು? ಕನ್ನಡ ಅಕ್ಷರವೆಲ್ಲ ಸುತ್ತು, ಬಳುಕು. ಚುಕ್ಕಿಯ ಸುತ್ತ ಎಳೆ ಎಳೆದು ಗೊತ್ತಿರುವವರಿಗೆ ಇದು ಹೊಸ ಕೆಲಸವಲ್ಲ. ಮೊದಲ ವಾರ ಪೆನ್ನು ಕೊಡಬೇಡಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಅಂಗೈಯಗಲ ಅಕ್ಷರ ಬರೆಸಿ. ಆಮೇಲೆ ಸ್ಲೇಟು. ಸ್ಲೇಟಿನ ಲಾಭ ಏನೆಂದರೆ ತಪ್ಪು ಉಳಿಯುವುದಿಲ್ಲ, ಒರೆಸಿದರೆ ಹೋಯಿತು. ಪುಸ್ತಕದಲ್ಲಿ ಬರೆದ ತಪ್ಪನ್ನು ಮನೆಯಲ್ಲಿ ಮೊಮ್ಮಕ್ಕಳು ನೋಡಿ ನಗುತ್ತಾರೆ ಎಂಬ ಭಯ ಅವರಿಗೆ.

ಗಂಡಸರಿಗೆ ಪೆನ್ನು ಹಿಡಿಯುವುದು ಸ್ವಲ್ಪ ತಡ. ಗುದ್ದಲಿ ಹಿಡಿದ ಹಾಗೆ ಬಿಗಿಯಾಗಿ ಹಿಡಿದು ಹಾಳೆ ತೂತು ಮಾಡುತ್ತಾರೆ. ದಪ್ಪ ಪೆನ್ಸಿಲ್ ಕೊಡಿ, ಸರಿಹೋಗುತ್ತದೆ.

ಒಬ್ಬರಿಗೆ ಎಷ್ಟು ಹೇಳಿಕೊಟ್ಟರೂ ತಲೆಗೆ ಹತ್ತುತ್ತಿಲ್ಲ. ಏನು ಮಾಡೋದು?

ಮೊದಲು ಕಣ್ಣು ತೋರಿಸಿ. ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಸುಕಾಗುವುದು ಮಾಮೂಲು. ಓದು ಬರುವವರಿಗೆ ಪೇಪರ್ ಹಿಡಿದಾಗ ಅದು ಗೊತ್ತಾಗಿ ಕನ್ನಡಕ ಮಾಡಿಸಿಕೊಳ್ಳುತ್ತಾರೆ. ಓದೇ ಬರದವರಿಗೆ ಅದು ಗೊತ್ತಾಗುವುದು ಹೇಗೆ? ಸೂಜಿಗೆ ದಾರ ಪೋಣಿಸಲು ಆಗುತ್ತದಾ ಅಂತ ಕೇಳಿ, ಅಷ್ಟರಲ್ಲೇ ತಿಳಿಯುತ್ತದೆ. ನಾನು ಮೂರು ತಿಂಗಳು 'ಮ'ಗೂ 'ವ'ಗೂ ವ್ಯತ್ಯಾಸ ಹೇಳಿಕೊಟ್ಟು ಸೋತ ಒಬ್ಬ ಅಜ್ಜಿ, ಓದುವ ಕನ್ನಡಕ ಹಾಕಿದ ದಿನ 'ಓ, ಇದಕ್ಕೆ ಬಾಲ ಐತೆ!' ಅಂದರು. ಆ ಮೂರು ತಿಂಗಳು ಪಾಪ ಅವರು ಬಾಯಿಪಾಠ ಒಪ್ಪಿಸುತ್ತಿದ್ದರು. ನಾಚಿಕೆ ಆಗಬೇಕಾದದ್ದು ನನಗೆ.

ಸಕ್ಕರೆ ಕಾಯಿಲೆ ಇರುವವರನ್ನು ಅಂಗಡಿ ಕನ್ನಡಕಕ್ಕೆ ಬಿಡದೆ ಕಣ್ಣಿನ ಡಾಕ್ಟರ ಹತ್ತಿರವೇ ಕಳಿಸಿ.

ಕಾಗುಣಿತದ ಹತ್ತಿರ ಎಲ್ಲರೂ ನಿಂತುಬಿಡ್ತಾರೆ. ಯಾಕೆ?

ಅದೇ ದೊಡ್ಡ ಏರು. ಅಕ್ಷರ ಕಲಿಯುವಾಗ ಇದ್ದ ಹುರುಪು ಕಾಗುಣಿತ ಬಂದಾಗ ಇಳಿಯುತ್ತದೆ. ಒಂದೇ ದಿನ 'ಕ ಕಾ ಕಿ ಕೀ' ಪೂರ್ತಿ ಬರೆಸಲು ಹೋಗಬೇಡಿ. ಒಂದು ವಾರ ಬರೀ ದೀರ್ಘ ಮಾಡಿ: ಮರ, ಮಾರ, ಸರ, ಸಾರ, ಬಲ, ಬಾಲ. ಮುಂದಿನ ವಾರ ಗುಡಿಸು, ಅಂದರೆ ಕಿ, ಮಿ. ಆಮೇಲೆ ಕೊಂಬು, ಅಂದರೆ ಕು, ಮು.

ಕೊಂಬಿನ ಹತ್ತಿರ ಒಂದು ಗುಟ್ಟು ಹೇಳಿಬಿಡಿ. 'ವ'ಕ್ಕೆ ಹೆಚ್ಚಿನ ಅಕ್ಷರಗಳ ಹಾಗೆ ಪಕ್ಕಕ್ಕೆ ಕೊಂಬು ಹಾಕಿದರೆ ಅದು 'ಮ' ಆಗಿಬಿಡುತ್ತದೆ, ಅದಕ್ಕೇ 'ವು'ವಿನಲ್ಲಿ ಕೊಂಬು ಕೆಳಗಿಳಿಯುತ್ತದೆ. ಯಾಕೆ ಅಂತ ತಿಳಿದರೆ ದೊಡ್ಡವರು ಮರೆಯುವುದಿಲ್ಲ. ಮಕ್ಕಳು ಹೇಳಿದ್ದನ್ನು ಒಪ್ಪಿಕೊಳ್ಳುತ್ತಾರೆ, ದೊಡ್ಡವರು ಕಾರಣ ಕೇಳುತ್ತಾರೆ.

ಒತ್ತಕ್ಷರ ಕೊನೆಗೆ ಅಂತ ಪುಸ್ತಕಗಳು ಇಟ್ಟಿರುತ್ತವೆ. ನಾನು ಕಾಯುವುದಿಲ್ಲ. ಅಮ್ಮ, ಅಪ್ಪ, ಅಕ್ಕ, ಅಣ್ಣ, ತಮ್ಮ, ಅತ್ತೆ, ಅಜ್ಜಿ. ಮನೆಮಂದಿಯೆಲ್ಲ ಒತ್ತಿನಲ್ಲೇ ಇದ್ದಾರೆ! ಇವನ್ನು ಮೊದಲೇ ಇಡೀ ಪದವಾಗಿ ಗುರುತು ಹಿಡಿಸಿ. ಬಸ್ ಬೋರ್ಡಿಗೂ ಇದು ಬೇಕು. ನಮ್ಮ ಕಡೆ ಮಂಡ್ಯ, ಮದ್ದೂರು, ಮಳವಳ್ಳಿ, ಮೈಸೂರು ಎಲ್ಲ 'ಮ'ದಲ್ಲೇ ಶುರು. ಮೊದಲ ಅಕ್ಷರ ಓದಿ ಧೈರ್ಯದಿಂದ ಬಸ್ ಹತ್ತಿದ ಒಬ್ಬರು ಮದ್ದೂರಿಗೆ ಹೋಗಬೇಕಾದವರು ಮಳವಳ್ಳಿಯಲ್ಲಿ ಇಳಿದಿದ್ದರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರು ಒಬ್ಬೊಬ್ಬರೇ ಓಡಾಡುವುದು ಜಾಸ್ತಿ ಆಗಿದೆ, ಬೋರ್ಡು ಓದಬೇಕು ಎಂಬ ಆಸೆಯೂ ಅಷ್ಟೇ ಜಾಸ್ತಿ ಆಗಿದೆ.

ಅವರು 'ಹಾಲು' ಅಂತ ಬರೆದಿದ್ದನ್ನ 'ಆಲು' ಅಂತ ಓದ್ತಾರೆ. ತಿದ್ದಬೇಕಾ?

ಓದಿದ್ದು ಸರಿಯಾಗೇ ಇದೆ. ಅವರ ಬಾಯಲ್ಲಿ ಹಾಲು ಯಾವತ್ತೂ ಆಲೇ. ಬರೆಯುವಾಗ ಮಾತ್ರ 'ಹ' ಹಾಕಬೇಕು ಅಂತ ಹೇಳಿ ಮುಂದೆ ಹೋಗಿ. ಉಚ್ಚಾರ ತಿದ್ದಲು ಕೂತರೆ ಅವರು ಬಾಯಿ ಬಿಡುವುದನ್ನೇ ನಿಲ್ಲಿಸುತ್ತಾರೆ. ಮಹಾಪ್ರಾಣದ ವಿಷಯಕ್ಕೂ ಇದೇ ಮಾತು.

ಸಹಿ ಮಾಡೋದು ಕಲಿಸಿದರೆ ಸಾಕು, ಉಳಿದದ್ದೆಲ್ಲ ಯಾಕೆ ಅಂತಾರಲ್ಲ?

ಸಹಿ ಎಲ್ಲರೂ ಕೇಳುತ್ತಾರೆ, ಕೊಡಬೇಕು. ಹೆಬ್ಬೆಟ್ಟು ಒತ್ತಿ ಶಾಯಿಯ ಬೆರಳನ್ನು ತಲೆಗೆ ಒರೆಸಿಕೊಳ್ಳುವಾಗ ಅವರ ಮುಖ ನೋಡಿದ್ದೀರಾ? ಆದರೆ ಸಹಿ ಒಂದು ಚಿತ್ರ. ಅಕ್ಷರ ಗೊತ್ತಿಲ್ಲದೆ ಅದನ್ನು ಬಿಡಿಸುವವರು ಎಷ್ಟೋ ಜನ. ಮೇಲೆ ಏನು ಬರೆದಿದೆ ಅಂತ ಗೊತ್ತಿಲ್ಲದೆ ಕೆಳಗೆ ಸಹಿ ಹಾಕಿದರೆ ಹೆಬ್ಬೆಟ್ಟಿಗಿಂತ ಅಪಾಯ.

ಹೆಸರಿನ ಅದೃಷ್ಟವೂ ಇದೆ. ಸಾಕಮ್ಮ ಅಂತ ಹೆಸರಿದ್ದರೆ ಒಂದು ವಾರ. ಲಕ್ಷ್ಮಮ್ಮ ಅಂದರೆ 'ಕ್ಷ್ಮ' ಎಂಬ ಮೂರಂತಸ್ತಿನ ಮನೆ ಕಟ್ಟಬೇಕು!

ಬ್ಯಾಂಕ್ ಖಾತೆ ಹೆಬ್ಬೆಟ್ಟಿನಲ್ಲಿದ್ದರೆ ಸಹಿ ಬಂತು ಅಂತ ನೇರ ಹೋಗಿ ಚೀಟಿಗೆ ಸಹಿ ಹಾಕಿದರೆ ನಡೆಯುವುದಿಲ್ಲ. ಮೊದಲು ಅರ್ಜಿ ಕೊಟ್ಟು ಮಾದರಿ ಸಹಿ ಬದಲಾಯಿಸಬೇಕು. ಸಹಿ ಪ್ರತಿ ಸಲ ಒಂದೇ ಥರ ಬರುವ ತನಕ ಈ ಕೆಲಸಕ್ಕೆ ಹೋಗಬೇಡಿ. ನಮ್ಮವರೊಬ್ಬರ ಜೊತೆ ನಾನು ಹೋಗಿದ್ದೆ. 'ಇಷ್ಟು ವರ್ಷ ಹೆಬ್ಬೆಟ್ಟಲ್ಲೇ ನಡೀತಲ್ಲ, ಈಗ್ಯಾಕಮ್ಮ?' ಅಂತ ಕೌಂಟರಿನಲ್ಲಿ ಕೇಳಿದರು. ಅವರು 'ಈಗ ಬರ್ತದೆ, ಅದಕ್ಕೆ' ಅಂದರು. ನಾನು ಬೇರೇನೋ ಹೇಳಲು ಬಾಯಿ ತೆರೆದಿದ್ದೆ, ಬೇಕಾಗಲಿಲ್ಲ.

ಲೆಕ್ಕವನ್ನೂ ಕಲಿಸಬೇಕಾ?

ಲೆಕ್ಕ ಅವರಿಗೆ ಬರುತ್ತದೆ, ನಿಮಗಿಂತ ಬೇಗ ಬರುತ್ತದೆ. ಬರದೇ ಇರುವುದು ಬರೆದ ಅಂಕಿ. ನಮ್ಮಲ್ಲಿ ಹಾಲಿನ ಕಾರ್ಡೇ ಪಾಠಪುಸ್ತಕ: ಲೀಟರ್, ಫ್ಯಾಟ್, ದರ, ಒಟ್ಟು. ಹದಿನೈದು ದಿನದ ಹಾಲಿನ ದುಡ್ಡು ಬೆರಳಿನಲ್ಲೇ ಎಣಿಸುವ ಒಬ್ಬರು ಕಾರ್ಡಿನಲ್ಲಿ 4.2 ನೋಡಿ 'ನಲವತ್ತೆರಡಾ?' ಅಂದರು. ಮಧ್ಯದ ಚುಕ್ಕೆ ಯಾಕೆ ಅಂತ ಯಾರೂ ಹೇಳಿರಲಿಲ್ಲ. ನಾಲ್ಕು ಲೀಟರ್ ಮೇಲೆ ಇನ್ನೂರು ಎಂಎಲ್ ಅಂದ ತಕ್ಷಣ ಹಿಂದಿನ ಹಾಳೆಗಳನ್ನೆಲ್ಲ ತಿರುವಿ ಓದಿದರು. ಎರಡು ಕಡೆ ಬರೆದದ್ದು ಹೊಂದುತ್ತಿರಲಿಲ್ಲ, ಮಾರನೇ ದಿನ ಸರಿ ಮಾಡಿಸಿಕೊಂಡರು.

ಮೊದಲು 1, 2, 3 ಕಲಿಸಿ. ನೋಟು, ಫೋನು, ಮೀಟರು ಎಲ್ಲ ಅದರಲ್ಲೇ ಇದೆ. ೧, ೨, ೩ ಆಮೇಲೆ ಸಾಕು. ನೋಟಿನ ಹಿಂದೆ ಹದಿನೈದು ಭಾಷೆಯ ಪಟ್ಟಿ ಇದೆಯಲ್ಲ, ಅದರಲ್ಲಿ ಮೇಲಿನಿಂದ ನಾಲ್ಕನೆಯದು ಕನ್ನಡ. ಜೇಬಿನಲ್ಲಿ ಇಷ್ಟು ವರ್ಷ ಕನ್ನಡ ಇತ್ತು ಅಂತ ತೋರಿಸಿದಾಗ ನಮ್ಮವರಿಗೆ ಆದ ಆಶ್ಚರ್ಯ ಹೇಳತೀರದು. ಅಕ್ಷರ ಮಾತ್ರ ಇರುವೆಯಷ್ಟು ಸಣ್ಣದು, ಕನ್ನಡಕ ಬೇಕು.

ಮನೆಮಾತು ಕನ್ನಡ ಅಲ್ಲದವರಿಗೆ?

ಲಂಬಾಣಿ, ತುಳು, ಉರ್ದು, ತೆಲುಗು ಆಡುವ ಎಷ್ಟೋ ಜನರಿಗೆ ಮಾತಾಡುವ ಕನ್ನಡ ಬರುತ್ತದೆ, ಅವರಿಗೆ ತೊಂದರೆಯಿಲ್ಲ. ಮಾತೇ ಬರದವರಿಗೆ ಮೊದಲು ಮಾತು, ಆಮೇಲೆ ಅಕ್ಷರ. ಗೊತ್ತಿಲ್ಲದ ಪದವನ್ನು ಓದಿಸಿದರೆ ಅದು ಮಂತ್ರ ಆಗುತ್ತದೆ ಅಷ್ಟೇ. ಅವರಿಗೆ ಬೇಕಾದದ್ದು ಉರ್ದುವೋ ಹಿಂದಿಯೋ ಆದರೆ ಆ ಲಿಪಿ ಬಲ್ಲವರನ್ನು ಹುಡುಕಿಕೊಡಿ. ಜನಗಣತಿಯವರು ಅಕ್ಷರಸ್ಥರು ಅನ್ನುವುದು ಏಳು ವರ್ಷ ಮೇಲ್ಪಟ್ಟು, ಯಾವುದಾದರೂ ಒಂದು ಭಾಷೆಯನ್ನು ಅರ್ಥ ಮಾಡಿಕೊಂಡು ಓದಿ ಬರೆಯಬಲ್ಲವರನ್ನು. ಓದಲು ಮಾತ್ರ ಬಂದು ಬರೆಯಲು ಬಾರದವರು ಆ ಲೆಕ್ಕಕ್ಕೆ ಸೇರುವುದಿಲ್ಲ.

ಈಗಲೂ ಅಷ್ಟೊಂದು ಜನ ಇದ್ದಾರಾ?

2011ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ 75.36%. ಗಂಡಸರು 82.47, ಹೆಂಗಸರು 68.08. ದಕ್ಷಿಣ ಕನ್ನಡ 88.57 ಇದ್ದರೆ ಯಾದಗಿರಿ 51.83. ಒಂದೇ ರಾಜ್ಯ, ಒಂದೇ ಲಿಪಿ, ಎಷ್ಟು ದೂರ ನೋಡಿ. ಊರಿನಲ್ಲಿ ಹುಡುಕಲು ಅಂಕಿ ಅಂಶ ಬೇಡ. ಸಂಘದ ಪುಸ್ತಕದಲ್ಲಿ ಎಷ್ಟು ಹೆಬ್ಬೆಟ್ಟಿದೆ ನೋಡಿ ಸಾಕು.

ಸರ್ಕಾರದ ಯೋಜನೆ ಯಾವುದು? ಅದಕ್ಕೆ ಸೇರೋದು ಹೇಗೆ?

ಈಗಿನದು ನವ ಭಾರತ ಸಾಕ್ಷರತಾ ಕಾರ್ಯಕ್ರಮ. 'ಉಲ್ಲಾಸ್' ಅಂತ ಹೆಸರು ಕೇಳಿರಬಹುದು, ಅದೇ ಇದು. 2022ರಿಂದ 2027ರ ತನಕ, ದೇಶದಲ್ಲಿ 5 ಕೋಟಿ ಜನರಿಗೆ ಕಲಿಸುವ ಗುರಿ. 15 ವರ್ಷ ದಾಟಿದ ಯಾರು ಬೇಕಾದರೂ ಕಲಿಯಬಹುದು. ಉಲ್ಲಾಸ್ ಆ್ಯಪ್‌ನಲ್ಲಿ ಕಲಿಯುವವರೂ ಕಲಿಸುವವರೂ ಹೆಸರು ನೋಂದಾಯಿಸಬಹುದು. ನಮ್ಮ ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಲೋಕ ಶಿಕ್ಷಣ ಇಲಾಖೆ. ಜಿಲ್ಲೆಯ ಲೋಕ ಶಿಕ್ಷಣ ಕಚೇರಿಯಲ್ಲಿ ಪುಸ್ತಕದ ವಿಷಯ ಕೇಳಿ. ಆ್ಯಪ್ ಒತ್ತಲು ಬರದಿದ್ದರೆ ಹತ್ತಿರದ ಸರ್ಕಾರಿ ಶಾಲೆಯಲ್ಲಿ ವಿಚಾರಿಸಿ.

ಕೊನೆಗೆ ಒಂದು ಪರೀಕ್ಷೆ ಇದೆ. ಓದು, ಬರಹ, ಲೆಕ್ಕ ತಲಾ 50, ಒಟ್ಟು 150 ಅಂಕ. ಪಾಸಾದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಪ್ರಮಾಣಪತ್ರ ಸಿಗುತ್ತದೆ. ಪರೀಕ್ಷೆ ಅಂದರೆ ಹೆದರುತ್ತಾರೆ ಅಂದುಕೊಂಡಿದ್ದೆ. ನಮ್ಮವರು ಮದುವೆಗೆ ಹೋಗುವ ಸೀರೆ ಉಟ್ಟು ಬಂದಿದ್ದರು.

ಕಲಿಸುವವರಿಗೆ ದುಡ್ಡು ಕೊಡ್ತಾರಾ?

ಇಲ್ಲ. 2009ರಲ್ಲಿ ಶುರುವಾದ ಸಾಕ್ಷರ ಭಾರತದಲ್ಲಿ ಪಂಚಾಯಿತಿಗೆ ಇಬ್ಬರು ಪ್ರೇರಕರು, ಅಂದರೆ ಕಲಿಕೆ ಕೇಂದ್ರ ನೋಡಿಕೊಳ್ಳುವವರು, ಇದ್ದರು, ಅವರಿಗೆ ತಿಂಗಳಿಗೆ 2,000 ರೂಪಾಯಿ ಗೌರವಧನ ಇತ್ತು. 2018ರ ಮಾರ್ಚ್‌ಗೆ ಆ ಯೋಜನೆ ನಿಂತಿತು. ಈಗ ಪೂರ್ತಿ ಸ್ವಯಂಸೇವೆ. ನನಗೆ ಇದರಲ್ಲಿ ತಕರಾರಿದೆ. ಸಂಜೆ ಒಂದು ಗಂಟೆ ಪುಕ್ಕಟೆ ಕಲಿಸಲು ಜನ ಸಿಗುತ್ತಾರೆ. ಮನೆಮನೆ ಸುತ್ತಿ ಕರೆತರುವ, ಲೆಕ್ಕಪತ್ರ ಇಡುವ ಕೆಲಸಕ್ಕೆ ಸಂಬಳದ ಒಬ್ಬರು ಇರಲೇಬೇಕು.

90ರ ದಶಕದಲ್ಲಿ ಸಾಕ್ಷರತಾ ಆಂದೋಲನ ಆಯ್ತಲ್ಲ, ಆಗ ಕಲಿತವರು ಈಗ ಎಲ್ಲಿ?

ಒಳ್ಳೆಯ ಪ್ರಶ್ನೆ. 1988ರ ಮೇ 5ಕ್ಕೆ ರಾಷ್ಟ್ರೀಯ ಸಾಕ್ಷರತಾ ಮಿಷನ್ ಬಂತು. 1990ರಲ್ಲಿ ಕೇರಳದ ಎರ್ನಾಕುಲಂ ದೇಶದ ಮೊದಲ ಪೂರ್ಣ ಸಾಕ್ಷರ ಜಿಲ್ಲೆ ಅನ್ನಿಸಿಕೊಂಡಿತು. ಆಮೇಲೆ ಜಿಲ್ಲೆ ಜಿಲ್ಲೆಯಲ್ಲೂ ಜಾಥಾ, ಬೀದಿ ನಾಟಕ, ಲಾಟೀನು. ನಮ್ಮ ತರಗತಿಗೆ ಬರುವವರಲ್ಲಿ ಇಬ್ಬರು ಆಗಲೇ ಕಲಿತವರು. 'ಆವಾಗ ಬತ್ತಿತ್ತು ಕಣಮ್ಮ, ಮರ್ತೋಯ್ತು' ಅನ್ನುತ್ತಾರೆ. ಕಲಿಸಿದ್ದರು, ಆದರೆ ಆಮೇಲೆ ಓದಲು ಏನೂ ಇರಲಿಲ್ಲ. ಬಳಸದ ದಾರಿಯಲ್ಲಿ ಹುಲ್ಲು ಬೆಳೆಯುತ್ತದೆ. ಒಂದು ಸಮಾಧಾನ ಏನೆಂದರೆ ಅವರು ಎರಡನೇ ಸಲ ಬಹಳ ಬೇಗ ಕಲಿತರು.

ಎಷ್ಟು ದಿನ ಬೇಕು?

ಹಿಂದೆ ಸಾಕ್ಷರತಾ ಮಿಷನ್‌ನ ಮೂರು ಪಾಠಪುಸ್ತಕಕ್ಕೆ ಒಟ್ಟು 200 ಗಂಟೆ ಅಂತ ಲೆಕ್ಕ ಹಾಕಿದ್ದರು. ದಿನಕ್ಕೆ ಒಂದು ಗಂಟೆ, ವಾರಕ್ಕೆ ಐದು ದಿನ ಅಂದರೆ ನಲವತ್ತು ವಾರ. ನಾಟಿ, ಕೊಯ್ಲು, ಊರ ಹಬ್ಬ, ಬಾಣಂತನ ಎಲ್ಲ ಸೇರಿಸಿದರೆ ಒಂದು ವರ್ಷದ ಮೇಲೇ ಹಿಡಿಯಿರಿ. ನಾಟಿ ಸಮಯದಲ್ಲಿ ತರಗತಿಗೆ ನೀವೇ ರಜೆ ಕೊಟ್ಟುಬಿಡಿ. ಅವರು ಬರದೆ ಇದ್ದರೆ ಅದು ತಪ್ಪಿದ ಹಾಗೆ ಆಗುತ್ತದೆ, ರಜೆ ಕೊಟ್ಟರೆ ಆಗುವುದಿಲ್ಲ. ಇಷ್ಟು ಸಣ್ಣ ವಿಷಯದಿಂದ ವಾಪಸ್ ಬರುವವರ ಸಂಖ್ಯೆ ಬದಲಾಗುತ್ತದೆ.

ಗಂಡಸರು ಯಾಕೆ ಬರೋದಿಲ್ಲ?

ನಾಚಿಕೆ. ಹೆಂಗಸರು 'ನಮಗೆ ಬರಲ್ಲ' ಅಂತ ಜೋರಾಗಿ ಹೇಳಿಕೊಳ್ಳುತ್ತಾರೆ. ಗಂಡಸರು 'ಕನ್ನಡಕ ಮನೇಲಿ ಬಿಟ್ಟು ಬಂದೆ, ನೀನೇ ಓದಪ್ಪ' ಅನ್ನುತ್ತಾರೆ. ಅವರಿಗೆ ತರಗತಿ ಆಗಿಬರುವುದಿಲ್ಲ, ಒಬ್ಬೊಬ್ಬರಿಗೇ ಹೇಳಿಕೊಡಬೇಕು. ನನ್ನ ಹತ್ತಿರ ಒಬ್ಬರು ಬೆಳಿಗ್ಗೆ ಐದೂವರೆಗೆ ಬರುತ್ತಾರೆ, ಊರು ಏಳುವ ಮುಂಚೆ. ಅವರು ಯಾರು ಅಂತ ಮನೆಯಲ್ಲೂ ಹೇಳಿಲ್ಲ.

ಫೋನಿನಲ್ಲಿ ಎಲ್ಲ ಓದಿ ಹೇಳುತ್ತಲ್ಲ, ಇನ್ನು ಓದು ಯಾಕೆ?

ವಾಯ್ಸ್ ಮೆಸೇಜ್ ಬಂದ ಮೇಲೆ ಈ ಮಾತು ಜಾಸ್ತಿ ಆಗಿದೆ. ಆದರೆ ಗೃಹಲಕ್ಷ್ಮಿ ದುಡ್ಡು ಬಂತೋ ಇಲ್ಲವೋ ಅಂತ ತಿಳಿಯಲು ಪಕ್ಕದ ಮನೆ ಹುಡುಗನ ಕೈಗೆ ಫೋನ್ ಕೊಡುವವರು ಓಟಿಪಿಯನ್ನೂ ಅವನ ಕೈಗೇ ಕೊಟ್ಟಿರುತ್ತಾರೆ. 2000 ಎಂಬ ಅಂಕಿ, ಬ್ಯಾಂಕಿನ ಹೆಸರಿನ ಇಂಗ್ಲಿಷ್ ಅಕ್ಷರ, ಇಷ್ಟನ್ನು ಗುರುತು ಹಿಡಿಯಲು ಕಲಿಸಿ. ಕಲಿಸುವಾಗ ಫೋನ್ ಅವರ ಕೈಯಲ್ಲೇ ಇರಲಿ. ನಿಮ್ಮ ಮೇಲೆ ನಂಬಿಕೆ ಇಟ್ಟು ಪಿನ್ ಹೇಳಲು ಬಂದರೆ ಕಿವಿ ಮುಚ್ಚಿಕೊಳ್ಳಿ.

ನಮ್ಮ ಅಮ್ಮನಿಗೆ ನಾನೇ ಕಲಿಸಬಹುದಾ?

ಆಗುತ್ತದೆ, ಆದರೆ ಕಷ್ಟ. ನೀವು 'ಅಯ್ಯೋ ಅಮ್ಮ, ನಿನ್ನೆ ತಾನೇ ಹೇಳಿದ್ನಲ್ಲ' ಅಂದುಬಿಡುತ್ತೀರಿ. ಅಮ್ಮ ಒಲೆ ಮೇಲೆ ಹಾಲಿಟ್ಟಿದ್ದೀನಿ ಅಂತ ಎದ್ದು ಹೋಗುತ್ತಾರೆ. ನಾನು ನಮ್ಮ ಅಮ್ಮನನ್ನು ಗೆಳತಿಯ ಹತ್ತಿರ ಕಳಿಸಿದೆ, ಗೆಳತಿ ತನ್ನ ಅತ್ತೆಯನ್ನು ನನ್ನ ಹತ್ತಿರ ಕಳಿಸಿದಳು. ಇಬ್ಬರೂ ಕಲಿತರು.

ಕಲಿತಾದ ಮೇಲೆ ಏನು ಓದಿಸೋದು?

ಪಂಚಾಯಿತಿಯ ಅರಿವು ಕೇಂದ್ರಕ್ಕೆ, ಅಂದರೆ ಊರಿನ ಲೈಬ್ರರಿಗೆ, ಕರೆದುಕೊಂಡು ಹೋಗಿ, ಮೊದಲ ಸಲ ನೀವೇ ಜೊತೆಗೆ ಹೋಗಿ. ಮಕ್ಕಳ ಪುಸ್ತಕದ ಅಕ್ಷರ ದಪ್ಪ ಇರುತ್ತದೆ, ಆದರೆ ಕಾಗೆ ಗುಬ್ಬಿ ಕಥೆ ಕೊಟ್ಟರೆ ಕೆಲವರಿಗೆ ಬೇಜಾರು. ಮದುವೆ ಕಾರ್ಡು ಎಲ್ಲರಿಗೂ ಇಷ್ಟ. ಯಾರ ಮಗ, ಯಾರ ಮಗಳು, ಯಾವ ಛತ್ರ ಎಲ್ಲ ಓದುತ್ತಾರೆ. ಯಾರ ಹೆಸರು ಬಿಟ್ಟುಹೋಗಿದೆ ಅಂತಲೂ ಹುಡುಕುತ್ತಾರೆ. ಮುಂದೆ ಓದುವ ಆಸೆ ಇದ್ದರೆ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಎ, ಬಿ, ಸಿ ಅಂತ ಮೂರು ಹಂತ ಇದೆ. ಅವು 3, 5, 8ನೇ ಕ್ಲಾಸಿಗೆ ಸಮ.

ನಾನು ಬೆಂಗಳೂರಲ್ಲಿರೋದು. ಹಬ್ಬಕ್ಕೆ ಒಂದು ವಾರ ಊರಿಗೆ ಬರ್ತೀನಿ. ಆಗ ಕಲಿಸಲಾ?

ಬೇಡ. ಆ ಒಂದು ವಾರ ನಿಮ್ಮ ಮುಖ ನೋಡಿಕೊಂಡು ಎಲ್ಲರೂ ಬರುತ್ತಾರೆ, ನೀವು ಹೋದ ಮೇಲೆ ಇಲ್ಲಿರುವವರ ಪಾಠ ಸಪ್ಪೆ ಅನ್ನಿಸುತ್ತದೆ. ಅದರ ಬದಲು ಬೆಂಗಳೂರಲ್ಲೇ ನಿಮ್ಮ ಮನೆ ಕೆಲಸಕ್ಕೆ ಬರುವವರನ್ನು, ಅಪಾರ್ಟ್‌ಮೆಂಟಿನ ಕಾವಲಿನವರನ್ನು ಒಂದು ಮಾತು ಕೇಳಿ ನೋಡಿ. ಊರಿಗೆ ಬರುವಾಗ ಎರಡು ಡಬ್ಬಿ ಬಳಪ ತನ್ನಿ, ಇಲ್ಲಿ ಅಂಗಡಿಯಲ್ಲಿ ಸಿಗುವುದು ಬರೆಯುವ ಮೊದಲೇ ಮುರಿಯುತ್ತದೆ.